ತಂಬಾಕು ಬಿದ್ದ ಕಣ್ಣು

ಕಳೆದ ತಿಂಗಳು ನಿಪ್ಪಾಣಿಯಲ್ಲಿ ಬಸ್ಸಿಳಿದು ಹಳೆಯ ವಖಾರಗಳ ಓಣಿಗೆ ತಿರುಗಿದೆವೋ ಇಲ್ಲವೋ, ನನ್ನ ವೈನಿ ಬಲಗಣ್ಣಿಗೆ ಸೆರಗು ಒತ್ತಿಕೊಂಡು ಗಕ್ಕನೆ ನಿಂತಳು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ ಸುನಂದಾ. ಅವಳ ತಮ್ಮನ ಮಗಳ ಮದುವೆಗೆಂದು ನಾನು ಅಥಣಿಯಿಂದ, ಅವಳು ರಾಯಬಾಗದಿಂದ ಹೊರಟು ಚಿಕ್ಕೋಡಿಯಲ್ಲಿ ಕೂಡಿಕೊಂಡಿದ್ದೆವು. ದಾರಿಯುದ್ದಕ್ಕೂ ಹರಟೆ ಕೊಚ್ಚಿದ್ದೇ ಕೊಚ್ಚಿದ್ದು. ಅವಳು ಹಾಗೆ ನಿಂತದ್ದೇ ತಡ, ನಾನು ಹರಟೆ ಬಿಟ್ಟು ಅವಳ ಕಡೆ ತಿರುಗಿದೆ.

"ಏನಾತು ವೈನಿ?"

"ತಡಿ ಶಕ್ಕು, ಕಣ್ಣಿಗೆ ಏನೋ ಆತು," ಅಂದಳು.

ವಖಾರಗಳೆಂದರೆ ತಂಬಾಕು ಜರಡಿ ಹಿಡಿದು ಚೀಲಕ್ಕೆ ತುಂಬುವ ದೊಡ್ಡ ದೊಡ್ಡ ಗೋದಾಮುಗಳು. ಅರ್ಧಕ್ಕರ್ಧ ಈಗ ಮುಚ್ಚಿವೆ, ಆದರೆ ಘಾಟು ಮಾತ್ರ ಗೋಡೆಗಳಿಂದ ಬಿಟ್ಟುಹೋಗಿಲ್ಲ. ಆ ಘಾಟಿಗೆ ಬೇರೆಯವರಿಗೆ ಸೀನು ಬರುತ್ತದೆ. ನನಗೆ ಎದೆ ಡವಡವ ಎನ್ನುತ್ತದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಚಳಿಗಾಲ ನಮ್ಮ ಮನೆಯ ಮೇಲೆ ಈ ಘಾಟಿನಲ್ಲೇ ಬಂದು ಎರಗಿತ್ತು. ಅಂದಿನಿಂದ ವೈನಿ ಕಣ್ಣು ಮುಟ್ಟಿಕೊಂಡರೆ ಸಾಕು, ನಾನು ಇದ್ದ ಕೆಲಸ ಬಿಟ್ಟು ಅವಳ ಮುಖ ನೋಡುತ್ತೇನೆ.

ಆ ವರ್ಷ ನಾನು ಬಿ.ಎಡ್. ಮುಗಿಸಿ ರಾಯಬಾಗದ ಮನೆಯಲ್ಲಿ ನೌಕರಿಯ ದಾರಿ ಕಾಯುತ್ತಿದ್ದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವ್ವ, ಅಣ್ಣ ಧನಪಾಲ, ವೈನಿ, ಅವರ ಎರಡು ವರ್ಷದ ಮಗಳು ರೂಪಾ. ಕಬ್ಬಿನ ಹಂಗಾಮು ಜೋರಾಗಿತ್ತು. ಹಗಲೆಲ್ಲ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಮನೆ ಮುಂದೆ ಓಡಾಡುತ್ತಿದ್ದವು, ಅಣ್ಣ ಕಟಾವಿನ ಗ್ಯಾಂಗಿನ ಬೆನ್ನು ಹತ್ತಿ ಊಟದ ಹೊತ್ತಿಗೂ ಸಿಗುತ್ತಿರಲಿಲ್ಲ. ತವರಿಗೆ ಹೋಗಿದ್ದ ವೈನಿ ಕೆಲವು ವಾರ ಇದ್ದು ಮರಳಿ ಬಂದಳು. ಅವಳ ತವರು ನಿಪ್ಪಾಣಿ, ತವರಿನವರದು ತಂಬಾಕಿನ ವಖಾರ.

ಬಂದವಳು ಮೊದಲಿನ ವೈನಿ ಆಗಿರಲಿಲ್ಲ. ಬೆಳಿಗ್ಗೆ ಎದ್ದರೆ ವಾಕರಿಕೆ, ಎದ್ದು ನಿಂತರೆ ತಲೆಸುತ್ತು, ಸಂಜೆಗೆ ತಲೆನೋವು. ಅವ್ವ ಮೊದಲು ಮುಗುಳ್ನಕ್ಕು ಬೇರೆಯದೇ ಲೆಕ್ಕ ಹಾಕಿದಳು. ಅದಲ್ಲ ಎಂದು ಗೊತ್ತಾದ ಮೇಲೆ ಒಂದೇ ಮಾತಿಗೆ ತೀರ್ಪು ಕೊಟ್ಟಳು.

"ತಂಬಾಕದ ಅಮಲ ಅದು. ವಾರಗಟ್ಲೆ ವಖಾರದ ಗಾಳಿ ಕುಡದ ಬಂದಾಳ. ಮಜ್ಜಿಗಿ ಕುಡಿಸ್ರಿ, ತಾನಾ ಇಳಿತೈತಿ."

ನಮ್ಮ ಕಡೆ ಈ ಮಾತಿಗೆ ಎದುರಾಡುವವರು ಯಾರೂ ಇಲ್ಲ. ವಖಾರಕ್ಕೆ ಹೊಸದಾಗಿ ಕೂಲಿಗೆ ಬಂದ ಹೆಣ್ಣುಮಕ್ಕಳು ತಲೆ ತಿರುಗಿ ಕೂರುವುದು, ವಾಂತಿ ಮಾಡಿಕೊಳ್ಳುವುದು ನಿಪ್ಪಾಣಿಯಲ್ಲಿ ಸುದ್ದಿಯೇ ಅಲ್ಲ. ಸೊಪ್ಪು ಕೀಳುವವರಿಗೆ ಕೈ ಕೂಡ ನಡುಗುತ್ತದೆ. ತಂಬಾಕು ಏನು ಬೇಕಾದರೂ ಮಾಡಬಲ್ಲದು ಎಂದು ನಂಬಿದ ಜನ ನಾವು. ಮಜ್ಜಿಗೆ ಕುಡಿಸುತ್ತಾ ಕೂತೆವು.

ನನಗೆ ಮೊದಲು ಅನುಮಾನ ಬಂದದ್ದು ರೊಟ್ಟಿ ನೋಡಿ. ವೈನಿ ಬಡಿದ ಜೋಳದ ರೊಟ್ಟಿ ಎಂದರೆ ಕೈವಾರದಿಂದ ಎಳೆದ ಹಾಗೆ ದುಂಡಗೆ, ಅಂಚಿನಿಂದ ಅಂಚಿಗೆ ಒಂದೇ ತೆಳು. ಬಲಗೈ ಬಡಿಯುತ್ತಿದ್ದರೆ ಎಡಗೈ ರೊಟ್ಟಿಯನ್ನು ತಿರುಗಿಸುತ್ತಾ ಹೋಗಬೇಕು. ಆ ವಾರ ಅವಳ ರೊಟ್ಟಿ ಒಂದು ಮಗ್ಗುಲಿಗೆ ದಪ್ಪ, ಇನ್ನೊಂದು ಮಗ್ಗುಲಿಗೆ ಹರಿದುಹೋದ ಚಿಂದಿ. ನನಗೋ ಬಾಯಿ ಸುಮ್ಮನಿರುವುದಿಲ್ಲ.

"ಇದು ರೊಟ್ಟಿನೋ, ಸಾಲಿ ಗ್ವಾಡಿ ಮ್ಯಾಲಿನ ನಕಾಶೆನೋ ವೈನಿ?"

ಅವಳು ನಕ್ಕಳು. ನಗುತ್ತಲೇ ಹಿಟ್ಟು ಮೆತ್ತಿದ ಎಡಗೈಯನ್ನು ಎತ್ತಿ ನೋಡಿಕೊಂಡಳು. "ಈ ಕೈ ನನ್ನ ಮಾತ ಕೇಳವಲ್ದು ಶಕ್ಕು," ಅಂದಳು.

ಮುಂದಿನ ವಾರ ಒಂದು ಮಧ್ಯಾಹ್ನ ಅಂಗಳದಲ್ಲಿ ರೂಪಾಳ ತಲೆ ಬಾಚುತ್ತಿದ್ದವಳ ಎಡಗೈ ತಾನಾಗಿಯೇ ಜಗ್ಗತೊಡಗಿತು. ಭುಜಕ್ಕೆ ಏರಿತು, ಮುಖಕ್ಕೆ ಏರಿತು, ಅವಳು ಬಿದ್ದಳು. ಅವಳ ಬಾಯಂಚಿನ ನೊರೆಯನ್ನು ಅವ್ವ ಸೆರಗಿನಿಂದ ಒರೆಸುತ್ತಾ "ನಾ ಮಜ್ಜಿಗಿ ಕುಡಿಸ್ತಾ ಕುಂತೆನಲ್ಲೋ" ಎಂದು ಹಣೆ ಚಚ್ಚಿಕೊಂಡಳು. ಅಣ್ಣ ಗದ್ದೆಯಿಂದ ಕೆಸರುಗಾಲಿನಲ್ಲೇ ಓಡಿ ಬಂದ. ಚಿಕ್ಕೋಡಿಯ ಡಾಕ್ಟರು ಮೊಣಕಾಲು ತಟ್ಟಿದರು, ಅಂಗಾಲು ಗೀರಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು. "ಮಿರಜಕ್ಕ ಒಯ್ರಿ. ತಲಿದು ಸ್ಕ್ಯಾನ್ ಮಾಡಸ್ರಿ. ಇಲ್ಲಿ ಹೊತ್ತ ಕಳಿಬ್ಯಾಡ್ರಿ," ಅಂದರು.

ರೂಪಾಳನ್ನು ನೆರೆಮನೆಯಲ್ಲಿ ಬಿಟ್ಟು, ಅವ್ವ, ಅಣ್ಣ, ನಾನು ವೈನಿಯನ್ನು ಕರೆದುಕೊಂಡು ರಾಯಬಾಗದಿಂದ ಮಿರಜಿಗೆ ರೈಲಿನಲ್ಲಿ ಹೋದೆವು. ಕುಡಚಿ ದಾಟಿ ಕೃಷ್ಣೆಯ ಸೇತುವೆ ಬಂದಾಗ ಜನ ಕಿಟಕಿಯಿಂದ ನೀರಿಗೆ ಚಿಲ್ಲರೆ ಎಸೆದು ಕೈಮುಗಿದರು. ಅಣ್ಣ ಜೇಬಿಗೆ ಕೈ ಹಾಕಿದವನು ಹಾಗೇ ಕೂತುಬಿಟ್ಟ. ವೈನಿಯ ತಲೆ ನನ್ನ ಹೆಗಲ ಮೇಲಿತ್ತು. ಉಗಾರದ ಹತ್ತಿರ ಕಬ್ಬು ಅರೆಯುವ ಸಿಹಿ ವಾಸನೆ ರೈಲಿನ ಡಬ್ಬಿಯ ತುಂಬ ಹೊಕ್ಕಿತು. ಹುಟ್ಟಿದಾಗಿನಿಂದ ಕುಡಿದು ಬೆಳೆದ ಆ ವಾಸನೆ ನನಗೆ ಅವತ್ತು ಮೊದಲ ಸಲ ಬೇಡವೆನಿಸಿತು.

ಮಿರಜಿನ ಡಾಕ್ಟರು ತಲೆಯ ಆಪರೇಷನ್ ಮಾಡುವವರು. ನರೆತ ಕೂದಲು, ತಗ್ಗಿದ ದನಿ, ಕನ್ನಡದ ನಡುವೆ ಮರಾಠಿ. ಸ್ಕ್ಯಾನಿನ ಕರಿ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದರು. ಮಿದುಳಿನ ಬಲಭಾಗದಲ್ಲಿ ಲಿಂಬೆಹಣ್ಣಿನಷ್ಟು ಮಂಕಾದ ಒಂದು ಜಾಗ, ಅದರ ಸುತ್ತ ಬೆಳ್ಳಗೆ ಒಂದು ಬಳೆ.

"ಗಡ್ಡಿ ಕಾಣಸ್ತೈತಿ," ಅಂದರು. "ಛಲೋ ಜಾತಿದಲ್ಲ ಅಂತ ಅನಸ್ತೈತಿ. ತಲಿ ತೆರದ ತಗಿಬೇಕು. ಆಮ್ಯಾಲ ಕರೆಂಟ ಕೊಡಬೇಕು."

ಕರೆಂಟು, ಅಂದರೆ ಕ್ಯಾನ್ಸರಿಗೆ ಕೊಡುವ ವಿಕಿರಣ, ಏನೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಕೊಡಿಸಿಕೊಂಡು ಬಂದವರು ಎಷ್ಟು ದಿನ ಇದ್ದರು ಎಂಬುದೂ ಗೊತ್ತು. ಅಣ್ಣ, "ಉಳಿತಾಳಲ್ರಿ ಡಾಕ್ಟರ?" ಅಂದ.

"ಘಾಬರೂ ನಕಾ, ಅಂಜಬ್ಯಾಡ್ರಿ. ಮೊದಲ ತಗದ ನೋಡೂಣು."

ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂಬುದು ಮೂವರಿಗೂ ತಿಳಿಯಿತು. ಡಾಕ್ಟರು ಮಾತ್ರ ಕೇಳಬೇಕಾದ್ದನ್ನು ತಿರುಗಿ ತಿರುಗಿ ಕೇಳಿದರು. ಈ ಹಿಂದೆ ಏನಾದರೂ ದೊಡ್ಡ ಕಾಯಿಲೆ? ಆಸ್ಪತ್ರೆ ಸೇರಿದ್ದು? ಬಾಣಂತನದಲ್ಲಿ ತೊಂದರೆ? ಅಣ್ಣ ಇಲ್ಲವೆಂದ. ಅವ್ವ, "ಮದಿವಿ ಆಗಿ ಬಂದಾಗಿಂದ ಒಂದ ಗುಳಿಗಿ ನುಂಗಿದಾಕಿ ಅಲ್ರಿ ಇಕಿ," ಅಂದಳು. ಮಂಪರಿನಲ್ಲಿದ್ದ ವೈನಿಯೂ ತಲೆ ಅಲ್ಲಾಡಿಸಿದಳು. ಯಾರೂ ಸುಳ್ಳು ಹೇಳಲಿಲ್ಲ. ಆಪರೇಷನ್ನಿನ ದಿನ ಗೊತ್ತಾಯಿತು. ಮಿದುಳಿನ ಬಾವು ಇಳಿಯಲೆಂದು ಇಂಜೆಕ್ಷನ್ ಶುರುವಾಯಿತು.

ಆಮೇಲೆ ನರ್ಸ್ ಬಂದು, ಹಿಂದಿನ ದಿನವೇ ತಲೆಯ ಕೂದಲೆಲ್ಲ ತೆಗೆಯುತ್ತೇವೆ ಎಂದು ಹೇಳಿ ಹೋದಳು. ಗಡ್ಡೆ ಎಂಬ ಮಾತಿಗೆ ಕಲ್ಲಿನಂತೆ ಕೂತಿದ್ದ ಅವ್ವ ಈ ಮಾತಿಗೆ ಎದ್ದು ನಿಂತಳು. ನಾವು ಜೈನರು. ನಮ್ಮಲ್ಲಿ ಹೆಂಗಸಿನ ತಲೆಯ ಕೂದಲು ಹೋಗಬೇಕಾದರೆ ಅವಳು ದೀಕ್ಷೆ ತೆಗೆದುಕೊಂಡಿರಬೇಕು. ಹಳೆಯ ಕಾಲದಲ್ಲಾದರೆ ಗಂಡ ಸತ್ತಿರಬೇಕಿತ್ತು.

"ಮುತ್ತೈದಿ ತಲಿ ಐತಿ ಇದು. ಆಕಿ ತವರಿನವರ ಕಿವಿಗೆ ಹಾಕದ ಒಂದ ಕೂದಲಾ ಮುಟ್ಟಗೊಡೂದಿಲ್ಲ ನಾನು," ಅಂದಳು.

"ಫೋನ್ ಮಾಡೂಣ ಅವ್ವ," ಅಂದ ಅಣ್ಣ.

"ಇದ ಫೋನನ್ಯಾಗ ಹೇಳೂ ಮಾತೇನೋ? ಮಂದಿ ಹೋಗಿ ಹೇಳಬೇಕು. ಆಕಿ ತಾಯಿನ್ನ ಕರಕೊಂಡ ಬರಬೇಕು."

ಆಪರೇಷನ್ ಹತ್ತಿರ ಬಂದಿರುವಾಗ ಇದೆಂಥ ಶಾಸ್ತ್ರ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅಣ್ಣ ಹೆಂಡತಿಯನ್ನು ಬಿಟ್ಟು ಕದಲುವ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ನಾನೇ ನಿಪ್ಪಾಣಿಯ ಬಸ್ಸು ಹತ್ತಿದೆ.

ವೈನಿಯ ತಾಯಿ ಚಂಪಾಕಾಕು ವಖಾರದ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಣ್ಣಾಳುಗಳು ತಂಬಾಕು ಜರಡಿ ಹಿಡಿಯುತ್ತಿದ್ದರು, ಬಾಗಿಲಿನ ಬಿಸಿಲಿನಲ್ಲಿ ಧೂಳು ಹಳದಿಯಾಗಿ ಕಾಣುತ್ತಿತ್ತು. ಮಗಳು ಮಿರಜಿನಲ್ಲಿದ್ದಾಳೆ ಎಂದಷ್ಟೇ ಅವರಿಗೆ ಗೊತ್ತಿತ್ತು. ನರದ ನಿಶ್ಶಕ್ತಿ ಎಂದು ಅಣ್ಣ ತೇಲಿಸಿ ಹೇಳಿದ್ದ. "ಹೆಂಗ ಅದಾಳವಾ ನನ್ನ ಮಗಳು?" ಎಂದು ಅವರು ಕೇಳಿದಾಗ ನನ್ನ ನಾಲಿಗೆ ಮೇಲೇಳಲಿಲ್ಲ. ಬಾಯಿಬಡುಕಿ ಎಂದು ಹೆಸರಾದವಳು ನಾನು, ಸುಮ್ಮನೆ ಉಗುರು ಕಚ್ಚುತ್ತಾ ಕೂತೆ.

ಅಷ್ಟರಲ್ಲಿ ಆಳೊಬ್ಬಳು ಕಣ್ಣು ತಿಕ್ಕಿಕೊಳ್ಳುತ್ತಾ ಹೊರಗೆ ಬಂದಳು. ಕಣ್ಣು ಮೆಣಸಿನಕಾಯಿಯಂತೆ ಕೆಂಪಾಗಿ, ಧಾರೆಯಾಗಿ ನೀರು ಸುರಿಯುತ್ತಿತ್ತು. ಕಾಕು ತಂಬಿಗೆ ಎತ್ತಿ, "ತಿಕ್ಕಬ್ಯಾಡ, ತೆರಿ ಕಣ್ಣ," ಎಂದು ನೀರು ಸುರಿದರು. ಸ್ವಲ್ಪ ಹೊತ್ತಿಗೆ ಅವಳು ಸುಧಾರಿಸಿಕೊಂಡು ಒಳಗೆ ಹೋದಳು.

ಹೇಳಬೇಕಾದ್ದನ್ನು ಹೇಳಲಾರದೆ, ಇನ್ನೇನೋ ಒಂದು ಮಾತು ಸಿಕ್ಕಿತಲ್ಲ ಎಂದು ನಾನು ಅದನ್ನೇ ಹಿಡಿದೆ. ಆ ದೀಪಾವಳಿಗೆ ಚಿಕ್ಕೋಡಿಯ ಅಂಗಡಿಯಲ್ಲಿ ಸೀರೆ ಆರಿಸುವಾಗ ವೈನಿ ಒಂದೊಂದೇ ಕಣ್ಣು ಮುಚ್ಚಿ ನೋಡಿ ನಕ್ಕಿದ್ದಳು. "ಎಡಗಣ್ಣಿಗೆ ಇದು ಕೆಂಪ ಸೀರಿ, ಬಲಗಣ್ಣಿಗೆ ಇಟ್ಟಂಗಿ ಬಣ್ಣ. ಹುಡುಗಿ ಇದ್ದಾಗ ಈ ಕಣ್ಣಾಗ ತಂಬಾಕ ಬಿದ್ದಿತ್ತು," ಅಂದಿದ್ದಳು. ನಾನೂ ನಕ್ಕು ಬಿಟ್ಟಿದ್ದೆ.

"ವೈನಿಗೂ ಒಮ್ಮಿ ಹಿಂಗಾ ಬಿದ್ದಿತ್ತಂತಲ್ರಿ ಕಾಕು?"

ಕಾಕು ತಂಬಿಗೆ ಕೆಳಗಿಟ್ಟರು. "ಬಿದ್ದಿತ್ತ ಅಂತ ನಾವ ಅಂದಿವಿ ನೋಡವಾ. ಬಿದ್ದದ್ದ ಯಾರ ಕಂಡಾರ? ಇದರಂಗ ಕೆಂಪ ಆಗಿದ್ದಿಲ್ಲ. ಒಂದ ಹನಿ ನೀರ ಬಂದಿದ್ದಿಲ್ಲ. ಕಣ್ಣ ಆ ಕಡೆ ಈ ಕಡೆ ಹೊಳ್ಳಿಸಿದ್ರ ನೋವ ಅಂತಿದ್ಲು. ಮುಂದ ಮಂಜ ಕವದಂಗಾಗಿ, ಆ ಕಣ್ಣಿಗೆ ಪೂರಾ ಕತ್ತಲ. ಒಂದ ತಿಂಗಳಾದ ಮ್ಯಾಲ ತಾನಾ ತಿಳಿ ಆತು."

"ಡಾಕ್ಟರಿಗೆ ತೋರಿಸಲಿಲ್ಲೇನ್ರಿ?"

"ತಂಬಾಕಕ್ಕ ಯಾರ ಡಾಕ್ಟರ ಕಡೆ ಹೋಗತಾರ? ಅದರಾಗ ಆಕಿಗೆ ವರ ನೋಡಾಕತ್ತಿದ್ವಿ."

ಹಾಗಾದರೆ ಗಡ್ಡೆ ಆಗಲೇ ಇತ್ತು, ಇಷ್ಟು ವರ್ಷ ಒಳಗೇ ಬೆಳೆದಿದೆ, ಕಣ್ಣಿಗೂ ಬೇರು ಬಿಟ್ಟಿದೆ ಎಂದೇ ನನ್ನ ತಲೆಗೆ ಹೊಳೆದದ್ದು. ಆ ಹೆದರಿಕೆಯಲ್ಲೇ ಎಲ್ಲವನ್ನೂ ಕಾಕುಗೆ ಹೇಳಿಬಿಟ್ಟೆ, ಗಡ್ಡೆ, ಆಪರೇಷನ್, ಕೂದಲು, ಎಲ್ಲ. ಅವರು ತಂಬಾಕಿನ ಚೀಲದ ಮೇಲೆ ಕುಸಿದು ಸದ್ದಿಲ್ಲದೆ ಅತ್ತರು. ಅತ್ತು ಮುಗಿದ ಮೇಲೆ ನನ್ನ ಕೈ ಹಿಡಿದು, "ಕಣ್ಣಿನ ಮಾತ ನಿಮ್ಮವ್ವನ ಮುಂದ ಆಡಬ್ಯಾಡ ಶಕ್ಕು. ಕುರುಡಿನ್ನ ತಂದ ನಮ್ಮ ಕೊಳ್ಳಿಗೆ ಕಟ್ಟ್ಯಾರ ಅಂತಾಳ," ಅಂದರು.

ಇಬ್ಬರೂ ಮಿರಜಿನ ಬಸ್ಸು ಹತ್ತಿದೆವು. ಬೇಡಕಿಹಾಳ ದಾಟುವ ತನಕ ಕಾಕು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ತಾವೇ ತಿರುಗಿ, "ನಾನಾ ಹೇಳತೀನಿ ಡಾಕ್ಟರಿಗೆ. ನಿಮ್ಮವ್ವ ಬೈದ್ರ ಬೈಲಿ. ಮಗಳ ಉಳದ್ರ ಬೈಸ್ಕೊಳ್ಳಾಕ ಏನಾಗತೈತಿ ನನಗ?" ಅಂದರು.

ಹೇಳಿದರು. ಅವ್ವನ ಎದುರಿಗೇ, ಒಂದಕ್ಷರ ಬಿಡದೆ. ಏನೋ ಬರೆಯುತ್ತಿದ್ದ ಡಾಕ್ಟರ ಪೆನ್ನು ನಿಂತಿತು.

"ಯಾವ ಕಣ್ಣು? ನೋವ ಇತ್ತು, ಖರೇನಾ? ತಾನಾ ಬಂತು ದೃಷ್ಟಿ?" ಎದ್ದು ಹೋಗಿ ಫಿಲ್ಮನ್ನು ಮತ್ತೆ ಬೆಳಕಿಗೆ ಸಿಕ್ಕಿಸಿದರು. "ನಾ ಇಷ್ಟ ಸಲ ಕೇಳಿದಾಗ ಇದನ್ನ ಯಾಕ ಹೇಳಲಿಲ್ಲ ನೀವು?"

ಅವ್ವ ನಿಜವಾಗಿಯೂ ಆಶ್ಚರ್ಯಪಟ್ಟು ಹೇಳಿದಳು, "ಅದು ಬ್ಯಾನಿ ಅಲ್ಲಲ್ರಿ. ತಂಬಾಕ."

ಡಾಕ್ಟರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಫಿಲ್ಮಿನ ಕಡೆ ತಿರುಗಿದರು. ಬೆಳ್ಳನೆಯ ಬಳೆಯ ಒಂದು ಕಡೆ ಬೆರಳಿಟ್ಟು, "ಇಲ್ಲಿ ನೋಡ್ರಿ. ಇದು ಪೂರಾ ಬಳಿ ಅಲ್ಲ. ಇಲ್ಲಿ ಒಡದೈತಿ," ಅಂದರು.

ಅವ್ವ ಎರಡೂ ಕಿವಿ ಮುಚ್ಚಿಕೊಂಡಳು. "ಒಡದ ಬಳಿ ಮಾತ ಆಡಬ್ಯಾಡ್ರಿ ಡಾಕ್ಟರ, ಮುತ್ತೈದಿ ಅದಾಳ."

"ಒಡದಿದ್ರನಾ ಛಲೋ ಅವ್ವಾರ. ಗಡ್ಡಿ ಸುತ್ತ ಬಹಳ ಸಲ ಪೂರಾ ಬಳಿ ಇರತೈತಿ."

ಅಂದೇ ಕಣ್ಣಿನ ಡಾಕ್ಟರನ್ನು ಕರೆಸಿದರು. ಅವರು ವೈನಿಯ ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿನ ಹಿಂದಿನ ನರವನ್ನು ನೋಡಿದರು. ಎಡಗಣ್ಣಿನ ನರ ಕೆಂಪಗೆ ಆರೋಗ್ಯವಾಗಿತ್ತು. ಬಲಗಣ್ಣಿನದು ಬಿಳಿಚಿಕೊಂಡಿತ್ತು. ಹಳೆಯ ಪೆಟ್ಟು, ಧೂಳಿನಿಂದ ಆದದ್ದಲ್ಲ, ಎಂದು ಚೀಟಿ ಬರೆದುಕೊಟ್ಟರು.

ನಮ್ಮ ಡಾಕ್ಟರು ಎಲ್ಲರನ್ನೂ ಕೂರಿಸಿ ತಿಳಿಸಿ ಹೇಳಿದರು. "ಕರೆಂಟಿನ ತಂತಿಗೆ ಮ್ಯಾಲ ರಬ್ಬರ ಇರತೈತಲ್ಲ, ಹಂಗ ನರದ ಮ್ಯಾಲೂ ಒಂದ ಹೊದಿಕಿ ಇರತೈತಿ. ಕೆಲವರದು ಮೈ ತಾನಾ ಆ ಹೊದಿಕಿ ತಿನ್ನತೈತಿ. ಒಮ್ಮಿ ಕಣ್ಣಾಗ, ಒಮ್ಮಿ ತಲ್ಯಾಗ. ಅದು ಒಂದಾ ಕಡೆ ದೊಡ್ಡದಾಗಿ ಬಾತ್ರ, ಫೋಟೊದಾಗ ಹುಬೇಹೂಬ ಗಡ್ಡಿ ಹಂಗಾ ಕಾಣತೈತಿ. ಇದು ಅದಾ ಇರಬಹುದು."

"ಇರಬಹುದು ಅಂದ್ರ?" ಅಣ್ಣನ ದನಿ ಒಡೆಯಿತು.

"ಖಾತ್ರಿ ಹೇಳಾಕ ಬರೂದಿಲ್ಲ. ಇದು ಹೊದಿಕಿ ಬ್ಯಾನಿ ಇದ್ರ, ತಲಿ ತೆರದ ನಾ ಛಲೋ ಮಿದುಳ ಕತ್ತರಿಸಿದಂಗಾಗತೈತಿ. ಕೈ ಪೂರಾ ಹೋಗಬಹುದು. ಸುಮ್ಮನ ಕರೆಂಟ ಕೊಟ್ಟಂಗಾಗತೈತಿ. ಖರೇ ಗಡ್ಡಿ ಇದ್ರ, ಕಾದಷ್ಟೂ ನಮಗ ಲುಕ್ಸಾನ."

ಪುಣೆಗೆ ಹೋಗಿ ದೊಡ್ಡ ಯಂತ್ರದಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. ದೊಡ್ಡದರ ಜೊತೆಗೆ ಬೇರೆ ಕಡೆ ಸಣ್ಣ ಸಣ್ಣ ಹಳೆಯ ಕಲೆಗಳೂ ಕಂಡವು. ಬೆನ್ನಿನ ನೀರು ತೆಗೆದು ನೋಡಿದರು. ಎಲ್ಲವೂ ಹೊದಿಕೆಯ ಕಾಯಿಲೆಯ ಕಡೆಗೇ ಬೆರಳು ತೋರಿಸುತ್ತಿದ್ದವು, ಆದರೆ ಯಾವುದೂ ಆಣೆ ಮಾಡಿ ಹೇಳಲಿಲ್ಲ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಮೋಸ ಹೋದವರಿದ್ದಾರೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಇನ್ನುಳಿದ ದಾರಿ ಒಂದೇ. ದೊಡ್ಡ ಪ್ರಮಾಣದಲ್ಲಿ ಸ್ಟಿರಾಯ್ಡ್ ಕೊಟ್ಟು, ನಿಧಾನಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಿದ ಮೇಲೆ ಮತ್ತೆ ಸ್ಕ್ಯಾನ್ ಮಾಡುವುದು.

ಕಾಯುವುದೋ, ತೆರೆಯುವುದೋ? ಅಣ್ಣನಿಗೆ ತೆರೆಯಿಸಿಬಿಡಬೇಕು. ಒಳಗೆ ಬೆಂಕಿ ಇಟ್ಟುಕೊಂಡು ಹೆಂಗ ಕೂಡೂದು ಎಂಬುದು ಅವನ ಮಾತು. ಅವ್ವ ಭಗವಂತನ ಮೇಲೆ ಹಾಕಿದಳು. ಕಾಕು ಮಗಳ ಕಾಲು ಒತ್ತುತ್ತಾ ಕೂತರು. ನನಗೆ ಒಂದು ಗಳಿಗೆ ಹೀಗೆ, ಒಂದು ಗಳಿಗೆ ಹಾಗೆ. ನಮ್ಮೆಲ್ಲರ ಜಗ್ಗಾಟ ಕೇಳುತ್ತಾ ಮಲಗಿದ್ದ ವೈನಿ ದಿಂಬಿಗೆ ಆತು ಎದ್ದು ಕೂತಳು.

"ತಲಿ ನಂದ ಐತಿ, ನನ್ನ ಒಬ್ಬರರ ಕೇಳೀರೇನು? ಕಾಯೂಣು. ಒಮ್ಮಿ ತೆರದ ಮ್ಯಾಲ ತಿರುಗಿ ಮೊದಲಿನ ಸುನಂದಾ ಆಗಾಕ ಬರೂದಿಲ್ಲ. ಕಾದ್ರ ಒಂದ ದಾರಿ ಐತಿ." ಅಷ್ಟು ಹೇಳಿ ಅವ್ವನ ಕಡೆ ನೋಡಿ, "ನಿಮ್ಮ ಮುತ್ತೈದಿ ಕೂದಲಾನೂ ಉಳಿತಾವ," ಅಂದಳು. ಅವ್ವ ನಗಲಿಕ್ಕೆ ಹೋಗಿ ಗೊಳೋ ಎಂದು ಅತ್ತಳು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮುಗಿಸಿ, ಗುಳಿಗೆಗಳನ್ನು ಕಟ್ಟಿಸಿಕೊಂಡು ರಾಯಬಾಗಕ್ಕೆ ಮರಳಿದೆವು. ಅಲ್ಲಿಂದ ಮುಂದಿನ ವಾರಗಳಷ್ಟು ಉದ್ದದ ವಾರಗಳನ್ನು ನಾನು ನೋಡಿಲ್ಲ. ಕಬ್ಬಿನ ಹಂಗಾಮು ಮುಗಿಯುತ್ತಾ ಬಂತು, ಬಿಸಿಲು ಏರಿತು, ಹೊಲಗಳಲ್ಲಿ ಕಬ್ಬಿನ ಒಣ ಗರಿ, ರವದಿ ಸುಟ್ಟ ಹೊಗೆ ಓಣಿಗೆಲ್ಲ ಬರುತ್ತಿತ್ತು. ಗುಳಿಗೆಗಳಿಂದ ವೈನಿಯ ಮುಖ ದುಂಡಗೆ ಊದಿತು, ಹಸಿವು ಹುಚ್ಚು ಹಿಡಿದ ಹಾಗೆ ಏರಿತು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಅವ್ವ ಈ ವಿಷಯದಲ್ಲಿ ಎಂಥ ಬಿಗಿ ಎಂದರೆ, ಚಿಕ್ಕವಳಿದ್ದಾಗ ನಾನು ದೀಪ ಹಚ್ಚಿದ ಮೇಲೆ ಬೆಲ್ಲ ನೆಕ್ಕಿದ್ದಕ್ಕೆ ಕಿವಿ ಹಿಂಡಿಸಿಕೊಂಡಿದ್ದೇನೆ. ವೈನಿ ಒಂದು ಸಂಜೆ ಹಸಿವು ತಾಳಲಾರದೆ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ಚುರುಮುರಿಗೆ ಒಗ್ಗರಣೆ ಹಾಕಿಕೊಂಡು ಬಂದು ಅವಳ ಮುಂದೆ ಇಟ್ಟಳು.

"ತಿನ್ನು. ಪಾಪ ಬಂದ್ರ ನನಗ ಬರಲಿ."

ವೈನಿ ತಿಂದಳು. ಅವ್ವ ಎದುರಿಗೆ ಕೂತು, ಅವಳು ಚೆಲ್ಲಿದ್ದನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದಳು. ಅವತ್ತಿನಿಂದ ಗುಳಿಗೆ ನಿಲ್ಲುವ ತನಕ ನಮ್ಮ ಅಡುಗೆಮನೆಯಲ್ಲಿ ಹೊತ್ತು ಮುಳುಗಿದ ಮೇಲೂ ಒಲೆ ಹೊತ್ತುತ್ತಿತ್ತು.

ದಿನಾ ಬೆಳಿಗ್ಗೆ ವೈನಿ ಹಟ ಹಿಡಿದು ಒಂದು ರೊಟ್ಟಿ ಬಡಿಯುತ್ತಿದ್ದಳು. ನಾನು ಅದರ ಅಂಚನ್ನು ಬೆರಳಲ್ಲಿ ಹಿಸುಕಿ ನೋಡುತ್ತಿದ್ದೆ. ದಿನದಿಂದ ದಿನಕ್ಕೆ ದಪ್ಪ ಮಗ್ಗುಲು ತೆಳುವಾಗುತ್ತಾ ಬಂತು. ಕುಣಿದಾಡಬೇಕಲ್ಲ? ಕುಣಿಯಲಿಕ್ಕೆ ಡಾಕ್ಟರು ಬಿಟ್ಟಿರಲಿಲ್ಲ. "ಈ ಔಷಧಕ್ಕ ಗಡ್ಡಿ ಸುತ್ತಿನ ಬಾವೂ ಇಳಿತೈತಿ. ಕೈ ಛಲೋ ಆತು ಅಂತ ನಂಬಬ್ಯಾಡ್ರಿ," ಎಂದು ಹೇಳಿ ಕಳಿಸಿದ್ದರು. ದುಂಡನೆಯ ರೊಟ್ಟಿ ಕೈಯಲ್ಲಿ ಹಿಡಿದು ಖುಷಿಪಡಲಾಗದೆ ಕೂರುವುದಿದೆಯಲ್ಲ, ಅಂಥ ಹಿಂಸೆ ವೈರಿಗೂ ಬೇಡ. ಗುಳಿಗೆ ಪೂರ್ತಿ ನಿಂತ ಮೇಲಂತೂ ನನ್ನ ಜೀವ ಬಾಯಿಗೆ ಬಂದಿತ್ತು. ಒಂದು ದಿನ ಅಂಚು ಕೊಂಚ ದಪ್ಪವೆನಿಸಿತು. ಯಾರಿಗೂ ಹೇಳದೆ ಆ ರೊಟ್ಟಿಯನ್ನು ನಾನೇ ತಿಂದುಬಿಟ್ಟೆ.

ಮತ್ತೆ ಮಿರಜು, ಮತ್ತೆ ಆ ಸ್ಕ್ಯಾನಿನ ಬಾಗಿಲು. ಕಾಕುವೂ ನಿಪ್ಪಾಣಿಯಿಂದ ಬಂದಿದ್ದರು. ಕಣ್ಣಿನ ಮಾತು ಹೊರಬಿದ್ದಂದಿನಿಂದ ಅವ್ವ ಅವರ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದೇ ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಇಬ್ಬರೂ ನವಕಾರ ಮಂತ್ರ ಪಿಸುಗುಡುತ್ತಿದ್ದರು. ಅಣ್ಣ ನಿಂತಲ್ಲಿ ನಿಲ್ಲದೆ ವರಾಂಡದ ಉದ್ದಕ್ಕೂ ಓಡಾಡಿದ.

ಡಾಕ್ಟರು ಒಳಗೆ ಕರೆದರು. ಹಳೆಯ ಫಿಲ್ಮು, ಹೊಸ ಫಿಲ್ಮು ಪಕ್ಕಪಕ್ಕಕ್ಕೆ ಇದ್ದವು. ಹಳೆಯದರಲ್ಲಿ ಲಿಂಬೆಹಣ್ಣು. ಹೊಸದರಲ್ಲಿ ಹುಡುಕಿದರೆ ಮಾತ್ರ ಕಾಣುವ ಒಂದು ಗೆರೆ.

"ಗಡ್ಡಿ ಆಗಿದ್ರ ಔಷಧ ನಿಂತ ಮ್ಯಾಲ ತಿರುಗಿ ಎದ್ದ ಕುಂದ್ರತಿತ್ತು," ಅಂದರು ಡಾಕ್ಟರು. "ಇದು ಗಡ್ಡಿ ಅಲ್ಲ."

ಅಣ್ಣ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಹೋ ಎಂದು ಅತ್ತ. ಅಪ್ಪ ಸತ್ತಾಗಲೂ ಅವನು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವ್ವ ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿದು ಕಾಕುವಿನ ಮೊಣಕೈ ಹಿಡಿದಳು.

"ನಾ ಬೈತೀನಂತ ಅಂಜಿದ್ರಂತಲ್ಲ? ಬೈತೀನಿ. ಮೊದಲ ಮನಿಗೆ ನಡ್ರಿ, ಹೋಳಿಗಿ ಉಂಡ ಮ್ಯಾಲ ಬೈಸ್ಕೊಳ್ಳುವಂತ್ರಿ."

ಡಾಕ್ಟರು ನಮ್ಮನ್ನು ಪೂರ್ತಿ ನಗಲು ಬಿಡಲಿಲ್ಲ. ಕಳಿಸಿಕೊಡುವಾಗ ವೈನಿಗಲ್ಲ, ನನಗೆ ಹೇಳಿದರು. "ಈ ಬ್ಯಾನಿ ಹೋಗ್ಯಾದ ಅಂತ ತಿಳಕೋಬ್ಯಾಡ. ಮತ್ತ ಬರಬಹುದು. ಕಣ್ಣ ಮಂಜಾದ್ರ, ಕೈಕಾಲ ಜೋಮ ಹಿಡದ್ರ, ತಂಬಾಕ ಅನ್ನಬ್ಯಾಡ್ರಿ. ಓಡಿ ಬರ್ರಿ."

ಬಂತು. ರೂಪಾ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ, ಅವಳ ಮದುವೆಯ ವರ್ಷ ಇನ್ನೊಮ್ಮೆ. ಎರಡೂ ಸಲ ತಡಮಾಡದೆ ಓಡಿದೆವು. ಕೈ ಉಳಿಯಿತು, ಎಡಗಾಲು ಮಾತ್ರ ಎಳೆಯುತ್ತದೆ, ಕೋಲು ಬೇಕು. ಅವ್ವ ಈಗ ಇಲ್ಲ, ಚಂಪಾಕಾಕುವೂ ಇಲ್ಲ. ನಾನು ಅಥಣಿಯ ಶಾಲೆಯಲ್ಲಿ ಪಾಠ ಹೇಳುತ್ತಾ ತಲೆ ನರೆಸಿಕೊಂಡಿದ್ದೇನೆ. ಡಾಕ್ಟರು ವಹಿಸಿದ ಕಾವಲು ಮಾತ್ರ ನನ್ನನ್ನು ಬಿಟ್ಟಿಲ್ಲ. ಫೋನಿನಲ್ಲಿ ನನ್ನ ಮೊದಲ ಮಾತೇ "ಕಣ್ಣ ಹೆಂಗೈತಿ ವೈನಿ?" "ನಿಮ್ಮಪ್ಪನ ಮನಿ ಕಣ್ಣ ಛಲೋ ಐತಿ, ಊಟಾ ಆತೇನ ಕೇಳು ಮೊದಲ," ಎಂದು ಅವಳು ರೇಗುತ್ತಾಳೆ.

ಹೀಗಿರುವಾಗ ಕಳೆದ ತಿಂಗಳು ವಖಾರದ ಓಣಿಯಲ್ಲಿ ಅವಳು ಬಲಗಣ್ಣು ಮುಚ್ಚಿ ನಿಂತರೆ ನನ್ನ ಗತಿ ಏನಾಗಬೇಡ? ಹೆಗಲ ಚೀಲ ಅಲ್ಲೇ ಕೆಳಗೆ ಬಿತ್ತು.

"ನೋವ ಐತೇನ ವೈನಿ? ಹೊಳ್ಳಿಸಿದ್ರ ನೋವ ಆಗತೈತೇನ? ಮಂಜ ಕವದಂಗ ಆಗೈತೇನ? ಕೈ ತಗಿ, ಕೈ ತಗಿ ಅಂತೀನಿ!"

ಓಣಿಯ ಮಂದಿ ತಿರುಗಿ ನೋಡಿದರು. ವೈನಿ ಕೋಲನ್ನು ಕಂಕುಳಿಗೆ ಒತ್ತಿಕೊಂಡು ಮೆಲ್ಲಗೆ ಸೆರಗು ಸರಿಸಿದಳು. ಅವಳಿಗೂ ಹೆದರಿಕೆಯಾಗಿತ್ತೆಂದು ಕಾಣುತ್ತದೆ.

ಕಣ್ಣು ಕೆಂಪಾಗಿತ್ತು. ಮೆಣಸಿನಕಾಯಿಯಷ್ಟು ಕೆಂಪು. ನೀರು ಧಾರೆಯಾಗಿ ಕೆನ್ನೆಗಿಳಿದು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ಉರಿತೈತಿ ಶಕ್ಕು. ಭಾಳ ಉರಿತೈತಿ."

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ, ಎರಡೂ ಕೂಡಿಯೇ ಬಂದವು. ಬಿದ್ದ ಚೀಲದಿಂದ ನೀರಿನ ಬಾಟಲಿ ತೆಗೆದು, ಅವಳ ಗದ್ದ ಹಿಡಿದೆತ್ತಿ, ಕಣ್ಣಿಗೆ ನೀರು ಸುರಿಯುತ್ತಾ ಹೇಳಿದೆ:

"ತಿಕ್ಕಬ್ಯಾಡ, ತೆರಿ ಕಣ್ಣ. ತಂಬಾಕ ವೈನಿ. ಬರೇ ತಂಬಾಕ."